ಕೇಸ್ ಶೀಟ್ ಪೂರ್ತಿಯಾಗಬೇಕಾದದ್ದು ವಾರ್ಡಿನಲ್ಲಿ: ಆಸ್ಪತ್ರೆ ದಾಖಲೆ ಸುಧಾರಿಸಲು ಒಂದು ಸಮಗ್ರ ಮಾರ್ಗದರ್ಶಿ

ಬಹಳಷ್ಟು ಆಸ್ಪತ್ರೆಗಳಲ್ಲಿ ಫೈಲು 'ಕಂಪ್ಲೀಟ್' ಮಾಡುವ ಕೆಲಸ ಶುರುವಾಗುವುದೇ ರೋಗಿ ಮನೆ ಸೇರಿದ ಮೇಲೆ. ಎಂಆರ್‌ಡಿ, ಅಂದರೆ ಆಸ್ಪತ್ರೆಯ ದಾಖಲೆ ವಿಭಾಗದ ಮೇಜಿನ ಮೇಲೆ ಕೇಸ್ ಶೀಟುಗಳ ರಾಶಿ. ಪಕ್ಕದಲ್ಲಿ ಪೋಸ್ಟಿಂಗ್ ಮುಗಿಸಿ ಹೊರಡಲು ಕಾದಿರುವ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಕಿರಿಯ ಡಾಕ್ಟರ್). ತಾನು ನೋಡೇ ಇರದ ರೋಗಿಯ ಪ್ರೋಗ್ರೆಸ್ ನೋಟಿನ ಕೆಳಗೆ ಒಂದಾದ ಮೇಲೊಂದು ಸಹಿ. ನಾಳೆ ಇನ್‌ಸ್ಪೆಕ್ಷನ್ ಬಂದರೆ ಆ ಫೈಲು ಪಾಸಾಗುತ್ತದೆ. ಆದರೆ ಅದರಿಂದ ರೋಗಿಗೆ ಮೂರು ಕಾಸಿನ ಉಪಯೋಗವಿಲ್ಲ, ಕೋರ್ಟಿನಲ್ಲಿ ಡಾಕ್ಟರ ಕೈಯನ್ನೂ ಅದು ಹಿಡಿಯುವುದಿಲ್ಲ.

ಈ ಮಾರ್ಗದರ್ಶಿ ನಿಂತಿರುವುದು ಒಂದೇ ಮಾತಿನ ಮೇಲೆ. ದಾಖಲೆ ಪೂರ್ತಿಯಾಗಬೇಕಾದದ್ದು ರೋಗಿ ಹಾಸಿಗೆಯ ಮೇಲಿರುವಾಗ. ಎಂಆರ್‌ಡಿ ಏನಿದ್ದರೂ ಎಣಿಸಿ, ಜೋಡಿಸಿ, ಕೊರತೆ ತೋರಿಸಬಹುದು. ಇಲ್ಲದ್ದನ್ನು ಹುಟ್ಟಿಸಲಾಗದು, ಹುಟ್ಟಿಸಲೂಬಾರದು.

ದಾವಣಗೆರೆಯಂಥ ಊರಿನಲ್ಲಿ ಇದರ ಬಿಸಿ ಹೆಚ್ಚು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ ಶುರುವಾದಾಗಿನಿಂದ ಇದು ಡಾಕ್ಟರ್‌ಗಳನ್ನು ತಯಾರು ಮಾಡುವ ಊರೂ ಹೌದು, ಸುತ್ತಲಿನವರಿಗೆ ದೊಡ್ಡಾಸ್ಪತ್ರೆಯ ಊರೂ ಹೌದು. ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಬರುವವರು ಮೊದಲು ತಮ್ಮೂರಿನ ಕ್ಲಿನಿಕ್, ಆಮೇಲೆ ತಾಲ್ಲೂಕು ಆಸ್ಪತ್ರೆ, ಅದಾದ ಮೇಲೆ ಇಲ್ಲಿ ಎಂದು ಮೂರು ಕಡೆ ತೋರಿಸಿರುತ್ತಾರೆ. ಚೀಟಿ, ಎಕ್ಸ್‌ರೇ, ರಕ್ತದ ರಿಪೋರ್ಟು ಎಲ್ಲ ಬಟ್ಟೆ ಅಂಗಡಿಯ ಕವರಿನೊಳಗೆ. ವಾರ್ಡಿನಲ್ಲಿ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್), ಹೌಸ್ ಸರ್ಜನ್‌ಗಳು ಸರದಿಯಂತೆ ಬದಲಾಗುತ್ತಲೇ ಇರುತ್ತಾರೆ. ಮೊದಲಿಂದ ಕೊನೆವರೆಗೆ ರೋಗಿಯ ಜೊತೆಗಿರುವುದು ಫೈಲು ಒಂದೇ.

ಮೊದಲು: 'ಪೂರ್ತಿ' ಎಂದರೇನು ಎಂದು ಗೊತ್ತು ಮಾಡಿಕೊಳ್ಳಿ

ಎಲ್ಲ ಕಾಲಂ ತುಂಬಿದೆ ಎಂದ ಮಾತ್ರಕ್ಕೆ ದಾಖಲೆ ಪೂರ್ತಿಯಾದಂತಲ್ಲ. ನನ್ನ ಅಳತೆಗೋಲು ಹೀಗಿದೆ: ಈ ರೋಗಿಯ ಮುಖವನ್ನೇ ನೋಡದ ಡ್ಯೂಟಿ ಡಾಕ್ಟರೊಬ್ಬರಿಗೆ ರಾತ್ರಿ ಎರಡು ಗಂಟೆಗೆ ಫೈಲು ಮಾತ್ರ ಕೈಗೆ ಕೊಟ್ಟರೆ, ಯಾರಿಗೂ ಫೋನ್ ಮಾಡದೆ ಚಿಕಿತ್ಸೆ ಮುಂದುವರಿಸಲು ಅವರಿಗೆ ಆಗಬೇಕು. ರೋಗಿ ಯಾರು, ಕಾಯಿಲೆ ಏನೆಂದು ಅಂದುಕೊಂಡಿದ್ದಾರೆ, ಯಾಕೆ ಹಾಗೆ ಅಂದುಕೊಂಡರು, ಏನು ಕೊಟ್ಟರು, ಎಷ್ಟು ಹೊತ್ತಿಗೆ, ಕೊಟ್ಟದ್ದು ಯಾರು, ಆಮೇಲೆ ಏನಾಯಿತು. ಇಷ್ಟಕ್ಕೆ ಉತ್ತರ ಸಿಕ್ಕರೆ ಫೈಲು ಗಟ್ಟಿ.

ಕಾಗದದ ಮೇಲೆ ಇದನ್ನು ಸುಮಾರು 20 ಅಂಶಗಳ ಪಟ್ಟಿಯಾಗಿ ಇಳಿಸಿಕೊಳ್ಳಿ. 80 ಅಂಶಗಳ ಪಟ್ಟಿ ಮಾಡಿದರೆ ಮೊದಲ ತಿಂಗಳೇ ತಪಾಸಣೆ ನಿಂತುಹೋಗುತ್ತದೆ. ಇಪ್ಪತ್ತರಲ್ಲಿ ಆರನ್ನು 'ಜೀವದ ಅಂಶ' ಎಂದು ಬೇರೆ ಮಾಡಿ: ಹೆಸರು ಮತ್ತು ಯುಎಚ್‌ಐಡಿ (ಆಸ್ಪತ್ರೆ ಪ್ರತಿ ರೋಗಿಗೆ ಕೊಡುವ ಗುರುತಿನ ಸಂಖ್ಯೆ) ಪ್ರತಿ ಹಾಳೆಯಲ್ಲೂ ಇದೆಯೇ, ಅಲರ್ಜಿ ಬರೆದಿದ್ದಾರೆಯೇ, ಮೊದಲ ತಪಾಸಣೆಯ ಟಿಪ್ಪಣಿಗೆ ತಾರೀಖು, ಸಮಯ, ಸಹಿ ಮೂರೂ ಇವೆಯೇ, ಔಷಧಿ ಚಾರ್ಟಿನಲ್ಲಿ ಪ್ರತಿ ಡೋಸಿಗೂ ಗುರುತು ಇದೆಯೇ, ಒಪ್ಪಿಗೆ ಪತ್ರ ಸರಿಯಿದೆಯೇ, ಡಿಸ್ಚಾರ್ಜ್ ಸಮ್ಮರಿ ಇದೆಯೇ. ಉಳಿದ ಹದಿನಾಲ್ಕನ್ನು ನಿಮ್ಮ ಆಸ್ಪತ್ರೆಯ ಕೆಲಸ ನೋಡಿ ಆರಿಸಿಕೊಳ್ಳಿ. ಹೆರಿಗೆ ವಾರ್ಡಿಗೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಚಾರ್ಟು) ಬೇಕು, ಕಣ್ಣಿನ ಆಸ್ಪತ್ರೆಗೆ ಬೇಡ.

ಈಗಿನ ಸ್ಥಿತಿ ಅಳೆಯಿರಿ

ಡಿಸ್ಚಾರ್ಜ್ ರಿಜಿಸ್ಟರ್ ತೆಗೆದುಕೊಳ್ಳಿ. ತಿಂಗಳಿಗೆ 600 ಡಿಸ್ಚಾರ್ಜ್ ಇದ್ದರೆ ಪ್ರತಿ ಇಪ್ಪತ್ತನೆಯ ಹೆಸರಿಗೆ ಗುರುತು ಹಾಕಿ. 30 ಫೈಲು ಸಿಗುತ್ತವೆ. ಕೈಗೆ ಸಿಕ್ಕ ಫೈಲು ಆರಿಸಬೇಡಿ, ಯಾಕೆಂದರೆ ಕೈಗೆ ಸಿಗುವುದು ಯಾವಾಗಲೂ ಒಳ್ಳೆಯ ಫೈಲೇ. ಕೆಟ್ಟವು ಇನ್ನೂ ವಾರ್ಡಿನ ಕಪಾಟಿನಲ್ಲೋ ಬಿಲ್ಲಿಂಗ್‌ನವರ ಡ್ರಾಯರಿನಲ್ಲೋ ಇರುತ್ತವೆ. ಸಾವು, ಎಂಎಲ್‌ಸಿ (ಅಪಘಾತದಂಥ, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ), ವೈದ್ಯರ ಸಲಹೆ ಮೀರಿ ಹೊರಟವರ ಫೈಲು, ಈ ಮೂರನ್ನು ಸ್ಯಾಂಪಲ್ ಮಾಡದೆ ಎಲ್ಲವನ್ನೂ ನೋಡಿ.

ಪ್ರತಿ ಅಂಶಕ್ಕೂ ಮೂರೇ ಉತ್ತರ: ಇದೆ, ಇಲ್ಲ, ಅನ್ವಯಿಸದು. 'ಅನ್ವಯಿಸದು' ಅನ್ನು ಲೆಕ್ಕದಿಂದಲೇ ತೆಗೆಯಬೇಕು, ಇಲ್ಲದಿದ್ದರೆ ಆಪರೇಷನ್ ಆಗದ ಜ್ವರದ ರೋಗಿಗೆ ಓಟಿ (ಆಪರೇಷನ್ ಥಿಯೇಟರ್) ನೋಟ್ ಇಲ್ಲವೆಂದು ಅಂಕ ಕಳೆದಂತಾಗುತ್ತದೆ.

ಸರಾಸರಿಯನ್ನು ನಂಬಬೇಡಿ. ಉದಾಹರಣೆಗೆ 30 ಫೈಲು, 20 ಅಂಶ, ಒಟ್ಟು 600 ಚೌಕ. ಅವುಗಳಲ್ಲಿ 480 ತುಂಬಿವೆ ಎಂದಿಟ್ಟುಕೊಳ್ಳಿ. ಶೇ. 80, ಪರವಾಗಿಲ್ಲ ಅನಿಸುತ್ತದೆ. ಅದೇ ಮೂವತ್ತರಲ್ಲಿ ಜೀವದ ಅಂಶ ಆರಕ್ಕೆ ಆರೂ ಇರುವ ಫೈಲು ಎಷ್ಟು ಎಂದು ಎಣಿಸಿ. ಒಂಬತ್ತು ಸಿಕ್ಕರೆ ನಿಮ್ಮ ನಿಜವಾದ ಅಂಕ ಶೇ. 30. ಆಡಳಿತ ಮಂಡಳಿಯ ಮುಂದೆ ಇಡಬೇಕಾದದ್ದು ಈ ಎರಡನೆಯ ಸಂಖ್ಯೆ. ಮೊದಲನೆಯದನ್ನು ಇಟ್ಟರೆ ಎಲ್ಲರೂ ಕಾಫಿ ಕುಡಿದು ಎದ್ದು ಹೋಗುತ್ತಾರೆ.

ಅಂಶವಾರು ಬಿಡಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಸಹಿ ಇರುತ್ತದೆ, ಸಮಯ ಇರುವುದಿಲ್ಲ. ತಾರೀಖು ಇದ್ದರೂ ಬೆಳಗ್ಗೆಯೋ ರಾತ್ರಿಯೋ ತಿಳಿಯುವುದಿಲ್ಲ. 24 ಗಂಟೆ ಲೆಕ್ಕದಲ್ಲಿ ಬರೆಯಿಸುವುದು, ಸಹಿಯ ಪಕ್ಕ ಹೆಸರು ಮತ್ತು ನೋಂದಣಿ ಸಂಖ್ಯೆಯ ಸೀಲು ಹಾಕಿಸುವುದು, ಇವೆರಡಕ್ಕೆ ಖರ್ಚು ಕಡಿಮೆ, ಫಲ ಬೇಗ. ಇಲ್ಲಿಂದಲೇ ಶುರು ಮಾಡಿ.

ಅಡ್ಮಿಷನ್ ಕೌಂಟರ್: ಹೆಸರಿನ ಗೋಜಲು

ಆಧಾರ್‌ನಲ್ಲಿ ಮಂಜುನಾಥ ಟಿ., ರೇಷನ್ ಕಾರ್ಡಿನಲ್ಲಿ ಟಿ. ಮಂಜಪ್ಪ, ಜೊತೆಗೆ ಬಂದವರ ಬಾಯಲ್ಲಿ ಮಂಜಣ್ಣ. ಕೌಂಟರಿನ ಹುಡುಗ ಕಿವಿಗೆ ಬಿದ್ದದ್ದನ್ನು ಬರೆದುಕೊಂಡ. ಮೂರು ದಿನ ಕಳೆದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕ್ಲೇಮ್ ಕಳಿಸುವಾಗ ಹೆಸರು ಹೊಂದುವುದಿಲ್ಲ, ಕಾಗದ ವಾಪಸ್ ಬರುತ್ತದೆ. ಅದು ದುಡ್ಡಿನ ತೊಂದರೆ. ಜೀವದ ತೊಂದರೆ ಬೇರೆ ಇದೆ: ಅದೇ ವಾರ್ಡಿನಲ್ಲಿ ಇನ್ನೊಬ್ಬ ಮಂಜುನಾಥ ಇರುತ್ತಾನೆ. ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ, ಈ ಕಡೆ ಬಸವರಾಜ, ದುರುಗಮ್ಮ, ಹನುಮಂತಪ್ಪ; ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಸಿಗುವುದು ಇಲ್ಲಿ ಅಪರೂಪವೇ ಅಲ್ಲ.

ಮಾಡಬೇಕಾದದ್ದು: ಹೆಸರನ್ನು ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಬರೆಯಿರಿ, ಕರೆಯುವ ಹೆಸರಿಗೆ ಪಕ್ಕದಲ್ಲಿ ಬೇರೆ ಕಾಲಂ ಕೊಡಿ. ತಂದೆ ಅಥವಾ ಗಂಡನ ಹೆಸರು, ಊರಿನ ಜೊತೆ ತಾಲ್ಲೂಕು ಕಡ್ಡಾಯ, ಯಾಕೆಂದರೆ ಹೊಸಹಳ್ಳಿ, ಕೋಡಿಹಳ್ಳಿ ಎಂಬ ಊರುಗಳಿಗೆ ನಮ್ಮ ಕಡೆ ಬರವಿಲ್ಲ. ರೋಗಿಯದೊಂದು, ಮನೆಯವರದೊಂದು, ಎರಡು ಫೋನ್ ನಂಬರ್ ತೆಗೆದುಕೊಂಡು, ಎರಡನೆಯದು ಯಾರದು ಎಂದೂ ಬರೆಯಿರಿ. 14 ಅಂಕಿಯ ಆಭಾ ಸಂಖ್ಯೆ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ) ಇದ್ದರೆ ಬರೆದುಕೊಳ್ಳಿ. ಇಲ್ಲವೆಂದು ದಾಖಲಾತಿ ತಡೆಯಬೇಡಿ. ಪ್ರಜ್ಞೆ ತಪ್ಪಿ ಬಂದವರಿಗೆ 'ಅಪರಿಚಿತ' ಎಂದು ನಂಬರ್ ಕೊಟ್ಟು, ಗುರುತು ಸಿಕ್ಕ ಮೇಲೆ ಅದೇ ಯುಎಚ್‌ಐಡಿಗೆ ಹೆಸರು ಸೇರಿಸಿ. ಹೊಸ ನಂಬರ್ ತೆಗೆದರೆ ರಾತ್ರಿಯ ಸ್ಕ್ಯಾನು ಒಂದು ಫೈಲಿನಲ್ಲಿ, ಬೆಳಗಿನ ಆಪರೇಷನ್ ಇನ್ನೊಂದರಲ್ಲಿ ಉಳಿಯುತ್ತದೆ. ಹಾಸಿಗೆ ನಂಬರಿನಿಂದ ರೋಗಿಯನ್ನು ಗುರುತಿಸುವ ಚಾಳಿ ವಾರ್ಡಿನಿಂದಲೇ ಹೋಗಬೇಕು. ಹೆಸರು ಮತ್ತು ಯುಎಚ್‌ಐಡಿ, ಯಾವಾಗಲೂ ಎರಡೂ.

ಡಾಕ್ಟರ ಮೊದಲ ಟಿಪ್ಪಣಿ

ವಾರ್ಡಿಗೆ ಬಂದ ಎಷ್ಟು ಹೊತ್ತಿನೊಳಗೆ ಮೊದಲ ಟಿಪ್ಪಣಿ ಆಗಬೇಕು ಎಂಬುದನ್ನು ಆಸ್ಪತ್ರೆಯೇ ಬರಹದಲ್ಲಿ ತೀರ್ಮಾನಿಸಬೇಕು. ತುರ್ತು ರೋಗಿಗೆ ಕೂಡಲೇ, ಉಳಿದವರಿಗೆ ಅದೇ ಪಾಳಿಯೊಳಗೆ ಎಂಬ ನಿಯಮ ನಡೆಯುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ಟಿಪ್ಪಣಿಗೆ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಢಿಗೆ ತಂದ ಕ್ರಮವೇ ಸಾಕು: ರೋಗಿ ಏನು ಹೇಳಿದ, ನಾನು ಏನು ಕಂಡೆ, ಏನೆಂದು ಎಣಿಸಿದೆ, ಇನ್ನು ಏನು ಮಾಡುತ್ತೇನೆ. ನಾಲ್ಕು ಸಾಲು. 'ಸೇಮ್ ಟ್ರೀಟ್‌ಮೆಂಟ್, ಕಂಟಿನ್ಯೂ' ಎಂದು ಐದು ದಿನ ಬರೆದ ಫೈಲಿನಲ್ಲಿ ಐದು ಟಿಪ್ಪಣಿ ಇದ್ದರೂ ವಿಷಯ ಒಂದೂ ಇಲ್ಲ. ಆಡಿಟ್ ಮಾಡುವಾಗ ಇಂಥದ್ದನ್ನು 'ಇಲ್ಲ' ಎಂದೇ ಹಾಕಿ.

ಖಾಲಿ ಬಿಟ್ಟದ್ದಕ್ಕೂ 'ಇಲ್ಲ' ಎಂದು ಬರೆದದ್ದಕ್ಕೂ ಅಜಗಜಾಂತರ. ಅಲರ್ಜಿ ಕಾಲಂ ಖಾಲಿಯಿದ್ದರೆ ಕೇಳಿಲ್ಲ ಎಂದರ್ಥ. ಕೇಳುವ ರೀತಿಯೂ ಮುಖ್ಯ. 'ಅಲರ್ಜಿ ಇದೆಯಾ' ಅಂದರೆ ಹಳ್ಳಿಯ ಅಜ್ಜ ಸುಮ್ಮನೆ ತಲೆಯಾಡಿಸುತ್ತಾನೆ. 'ಅಜ್ಜಾ, ಹಿಂದೆ ಯಾವ್ದಾದ್ರೂ ಗುಳಿಗೆ, ಇಂಜೆಕ್ಷನ್ ತಗಂಡಾಗ ಮೈಮೇಲೆ ಗಂಧೆ ಎದ್ದಿತ್ತಾ? ಉಸಿರು ಕಟ್ಟಿದಂಗ ಆಗಿತ್ತಾ?' ಎಂದು ಕೇಳಿದರೆ 'ಹ್ಞೂಂ, ನಮ್ಮೂರ ಡಾಕ್ಟ್ರು ಸೂಜಿ ಮಾಡಿದಾಗ ಒಮ್ಮೆ ಆಗಿತ್ತು ನೋಡು' ಎಂಬ ಉತ್ತರ ಬರುತ್ತದೆ. ಈ ಪ್ರಶ್ನೆಯನ್ನು ಹೀಗೇ, ಆಡುಮಾತಿನಲ್ಲೇ, ಫಾರಂ ಮೇಲೆ ಅಚ್ಚು ಹಾಕಿಸಿ. ಬೇರೆ ಊರಿನಿಂದ ಓದಲು ಬಂದ ಹೌಸ್ ಸರ್ಜನ್‌ಗಳಿಗೂ ಅನುಕೂಲ. ಮನೆಯಲ್ಲಿ ನುಂಗುತ್ತಿರುವ ಬಿಪಿ, ಶುಗರ್ ಗುಳಿಗೆಯ ಹೆಸರಿಗೂ ಇದೇ ಮಾತು. ಹೆಸರು ಗೊತ್ತಿಲ್ಲದಿದ್ದರೆ ಆ ಕವರಿನಲ್ಲಿರುವ ಖಾಲಿ ಪಟ್ಟಿಯನ್ನು ತೆಗೆಸಿ ನೋಡಿ.

ಹಾವು ಕಡಿತದ ಫೈಲನ್ನು ಬಿಡಿಸಿ ನೋಡೋಣ

ಮುಂಗಾರಿನ ದಿನ. ಜಗಳೂರು ಕಡೆಯ ಮೆಕ್ಕೆಜೋಳದ ಹೊಲದಲ್ಲಿ ಒಬ್ಬರ ಕಾಲಿಗೆ ಹಾವು ಕಚ್ಚಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಿ, ಅಲ್ಲಿಂದ 108ರಲ್ಲಿ ದಾವಣಗೆರೆಗೆ ಕಳಿಸಿದ್ದಾರೆ. ಕೈಯಲ್ಲಿರುವ ಚೀಟಿಯಲ್ಲಿ 'ಹಾವು ಕಡಿತ, ಎಎಸ್‌ವಿ ಕೊಡಲಾಗಿದೆ' ಎಂದಷ್ಟೇ ಇದೆ (ಎಎಸ್‌ವಿ ಎಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ). ಎಷ್ಟು ವಯಲ್? ಎಷ್ಟು ಹೊತ್ತಿಗೆ? ಆಮೇಲೆ ಮೈ ತುರಿಕೆ, ನಡುಕ ಬಂತೇ? ಕ್ಯಾಶುವಾಲ್ಟಿಯ ಡಾಕ್ಟರಿಗೆ ಇದು ಗೊತ್ತಾಗದೆ ಮುಂದಿನ ಡೋಸ್ ತೀರ್ಮಾನಿಸಲಾಗದು.

ಈ ಫೈಲು ಪೂರ್ತಿ ಎನ್ನಿಸಿಕೊಳ್ಳಲು ಏನೇನು ಇರಬೇಕು? ಕಚ್ಚಿದ ಸಮಯ, ಗೊತ್ತಿಲ್ಲದಿದ್ದರೆ 'ನಸುಕಿನಲ್ಲಿ, ಹೊಲದಲ್ಲಿದ್ದಾಗ' ಎಂಬಷ್ಟಾದರೂ. ಕಚ್ಚಿದ ಜಾಗ. ಮನೆಯವರು ಮಾಡಿದ್ದು: ಬಿಗಿಯಾಗಿ ಹಗ್ಗ ಕಟ್ಟಿದರೇ, ಬ್ಲೇಡಿನಿಂದ ಕೊಯ್ದರೇ, ನಾಟಿ ಔಷಧ ಹಚ್ಚಿದರೇ. ಮೊದಲ ಆಸ್ಪತ್ರೆ ಮುಟ್ಟಿದ ಹೊತ್ತು. ಎಎಸ್‌ವಿ ವಯಲ್‌ಗಳ ಸಂಖ್ಯೆ, ಬ್ಯಾಚ್ ನಂಬರ್, ಶುರು ಮಾಡಿದ ಮತ್ತು ಮುಗಿದ ಸಮಯ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ: ಒಣ ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡಿದ ಫಲಿತಾಂಶ, ಪ್ರತಿ ಬಾರಿಯದೂ ಸಮಯದೊಂದಿಗೆ. ರೆಪ್ಪೆ ಇಳಿಬಿದ್ದಿದೆಯೇ, ಎಂಜಲು ನುಂಗಲು ಕಷ್ಟವೇ, ಯಾವಾಗಿನಿಂದ. ಮೂತ್ರದ ಪ್ರಮಾಣ ಮತ್ತು ಬಣ್ಣ. ಊತ ಎಲ್ಲಿಯವರೆಗೆ ಏರಿದೆ ಎಂದು ಚರ್ಮದ ಮೇಲೆ ಪೆನ್ನಿನಿಂದ ಗೆರೆ ಹಾಕಿ, ಪಕ್ಕದಲ್ಲಿ ಗಂಟೆ ಬರೆದು, ಅದನ್ನೇ ಫೈಲಿಗೂ ಇಳಿಸಿದರೆ ಉತ್ತಮ.

ಗಮನಿಸಿ, ಇದರಲ್ಲಿ ಅರ್ಧಕ್ಕರ್ಧ ಬರೀ ಸಮಯ. 'ಸಮಯ ಬರೆಯಿರಿ' ಎಂದು ನೂರು ಸಲ ಹೇಳುವ ಬದಲು, ಮೊದಲ ಕಾಲಂನಲ್ಲಿ ಗಂಟೆ ಅಚ್ಚಾಗಿರುವ ಒಂದು ಹಾಳೆ ಮಾಡಿ ಕೊಟ್ಟರೆ ಬರೆಯುವವರು ತಾನಾಗಿ ಬರೆಯುತ್ತಾರೆ. ಕ್ರಿಮಿನಾಶಕ ಕುಡಿದು ಬಂದವರಿಗೂ ಇಂಥದ್ದೇ ಬೇರೊಂದು ಹಾಳೆ ಬೇಕು: ಅಟ್ರೋಪಿನ್ ಎಷ್ಟು, ಪಾಪೆಯ ಗಾತ್ರ, ನಾಡಿ, ಸಮಯ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ. ಹಾಗಾಗಿ 'ವರದಿ ಕಳಿಸಿದ ದಿನಾಂಕ, ಕಳಿಸಿದವರು' ಎಂಬ ಒಂದು ಸಾಲನ್ನು ಹಾಳೆಯ ಕೊನೆಗೆ ಸೇರಿಸಿ. ಬೇರೆಡೆಗೆ ಕಳಿಸುವುದಾದರೆ ಇದೇ ಹಾಳೆಯ ಪ್ರತಿ ರೋಗಿಯ ಜೊತೆ ಹೋಗಲಿ, ನಾವು ಬೈದುಕೊಂಡ ಚೀಟಿಯನ್ನೇ ನಾವೂ ಬರೆದು ಕೊಡುವುದು ಬೇಡ.

ಔಷಧಿ ಚಾರ್ಟ್ ಮತ್ತು ಸಿಸ್ಟರ್‌ಗಳ ದಾಖಲೆ

ರಾತ್ರಿ ಹತ್ತರ ಇಂಜೆಕ್ಷನ್ನಿನ ಚೌಕ ಖಾಲಿಯಿದೆ. ಕೊಟ್ಟು ಸಹಿ ಹಾಕಲು ಮರೆತದ್ದೋ, ಕೊಡಲೇ ಇಲ್ಲವೋ? ಮುಂದಿನ ಪಾಳಿಯ ಸಿಸ್ಟರ್ ಕೊಟ್ಟರೆ ಎರಡು ಡೋಸ್ ಆದೀತು, ಬಿಟ್ಟರೆ ಒಂದೂ ಇಲ್ಲವಾದೀತು. ಹಾಗಾಗಿ ನಿಯಮ ಸರಳ: ಯಾವ ಚೌಕವೂ ಖಾಲಿ ಇರಕೂಡದು. ಕೊಡದಿದ್ದರೆ ಕಾರಣಕ್ಕೊಂದು ಸಂಖ್ಯೆ: 1 ರೋಗಿ ಬೇಡವೆಂದರು, 2 ಔಷಧಿ ಸಿಗಲಿಲ್ಲ, 3 ಡಾಕ್ಟರ್ ನಿಲ್ಲಿಸಿದರು, 4 ರೋಗಿ ಸ್ಕ್ಯಾನಿಂಗಿಗೋ ಓಟಿಗೋ ಹೋಗಿದ್ದರು. ಚಾರ್ಟಿನ ಕೆಳಗೆ ಈ ನಾಲ್ಕನ್ನೂ ಅಚ್ಚು ಹಾಕಿಸಿ. ಕೆಲ ತಿಂಗಳಲ್ಲಿ '2' ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಫಾರ್ಮಸಿಯ ಗುಟ್ಟೂ ಹೊರಬೀಳುತ್ತದೆ.

ಬರೆಯುವ ರೀತಿಯಲ್ಲಿ ಮೂರು ಸಂಗತಿ ಬಿಡಲೇಬೇಕು. ಇನ್ಸುಲಿನ್ ಮುಂದೆ ಯುನಿಟ್ ಎನ್ನಲು ಇಂಗ್ಲಿಷಿನ 'ಯು' ಅಕ್ಷರ ಒಂದನ್ನೇ ಹಾಕಿದರೆ ಅವಸರದ ಬರವಣಿಗೆಯಲ್ಲಿ ಅದು ಸೊನ್ನೆಯಂತೆ ಕಾಣುತ್ತದೆ. 10 ಯುನಿಟ್ 100 ಆಗುತ್ತದೆ. 1.0 ಎಂದು ಬರೆದರೆ ಚುಕ್ಕಿ ಮಸುಕಾಗಿ 10 ಆಗುತ್ತದೆ, 1 ಎಂದೇ ಬರೆಯಿರಿ. .5 ಎಂದು ಬರೆದರೆ 5 ಆಗುತ್ತದೆ, 0.5 ಎಂದು ಬರೆಯಿರಿ. ಫೋನಿನಲ್ಲಿ ಹೇಳಿದ ಆರ್ಡರ್‌ ಬರೆದುಕೊಂಡು, ಅವರಿಗೇ ಓದಿ ಹೇಳಿ, ಹೇಳಿದ ಡಾಕ್ಟರರಿಂದ ಮರುದಿನದ ರೌಂಡ್ಸಿನಲ್ಲಿ ಸಹಿ ಪಡೆಯಬೇಕು.

ಸಿಸ್ಟರ್‌ಗಳ ಬಗ್ಗೆ ಒಂದು ಮಾತು. ದಾಖಲೆ ಅಪೂರ್ಣ ಎಂಬ ಬೈಗುಳ ಮೊದಲು ಬೀಳುವುದು ಅವರ ತಲೆಗೇ. ಆದರೆ ಒಂದೇ ಬಿಪಿಯನ್ನು ಟಿಪಿಆರ್ (ಜ್ವರ, ನಾಡಿ, ಉಸಿರಾಟದ) ಚಾರ್ಟಿಗೆ, ನರ್ಸಿಂಗ್ ನೋಟಿಗೆ, ಪಾಳಿ ಬದಲಾವಣೆಯ ಪುಸ್ತಕಕ್ಕೆ, ಕಂಪ್ಯೂಟರಿಗೆ ಎಂದು ನಾಲ್ಕು ಕಡೆ ಬರೆಯಲು ಹೇಳಿದವರು ಅವರಲ್ಲ. ಒಂದು ಫೈಲು ಹಿಡಿದು, ಒಂದೇ ಮಾಹಿತಿ ಎಷ್ಟು ಕಡೆ ಬರುತ್ತದೆ ಎಂದು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತ ಹೋಗಿ. ಎರಡನೆಯ, ಮೂರನೆಯ ಜಾಗವನ್ನು ಕಿತ್ತುಹಾಕಿ. ಹೊಸ ಫಾರಂ ಸೇರಿಸಬೇಕೆಂದರೆ ಹಳೆಯದೊಂದು ಹೋಗಲೇಬೇಕು ಎಂಬ ಕಟ್ಟುಪಾಡು ಇಟ್ಟುಕೊಳ್ಳಿ. ಬರೆಯುವ ಜಾಗ ಕಡಿಮೆಯಾದಷ್ಟೂ ಬರೆದದ್ದು ಪೂರ್ತಿಯಾಗಿರುತ್ತದೆ. ತರಬೇತಿ ಕೊಟ್ಟು ಸುಸ್ತಾದವರು ಇದನ್ನೊಮ್ಮೆ ಮಾಡಿ ನೋಡಬೇಕು.

ಒಪ್ಪಿಗೆ ಪತ್ರ, ಓಟಿ

ಸಹಿ ಮೊದಲು, ಆಪರೇಷನ್ ಹೆಸರು ಆಮೇಲೆ ಎಂಬ ಪದ್ಧತಿ ಇರುವಲ್ಲಿ ಒಪ್ಪಿಗೆ ಪತ್ರ ಇದ್ದೂ ಇಲ್ಲದಂತೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಕೊಟ್ಟ ಒಪ್ಪಿಗೆಯಾಗದು, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆ ಮಾತು. ಫಾರಂ ಕನ್ನಡದಲ್ಲಿರಲಿ. ಉರ್ದು, ತೆಲುಗು, ಲಂಬಾಣಿ ಮಾತ್ರ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ; ಅವರಿಗೆ ಯಾರು, ಯಾವ ಭಾಷೆಯಲ್ಲಿ ವಿವರಿಸಿದರು ಎಂದು ಬರೆದು, ವಿವರಿಸಿದವರ ಸಹಿ ಹಾಕಿಸಿ. ಹೆಬ್ಬೆಟ್ಟು ಒತ್ತಿಸಿದರೆ ಯಾವ ಕೈಯದು, ಸಾಕ್ಷಿ ಯಾರು ಎಂದು ಪಕ್ಕದಲ್ಲೇ ಇರಬೇಕು. ಬುದ್ಧಿ ನೆಟ್ಟಗಿರುವ ಪ್ರಾಯದ ಹೆಂಗಸಿನ ಬದಲು ಗಂಡನ ಸಹಿ ಪಡೆದು ಮುಗಿಸಬೇಡಿ.

ಓಟಿಗೆ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಸುರಕ್ಷತಾ ಪಟ್ಟಿ ಇದ್ದೇ ಇದೆ. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಓಟಿಯಿಂದ ಹೊರಡುವ ಮುಂಚೆ ಎಂದು ಮೂರು ಹಂತ. ಮೂರೂ ಹಂತವನ್ನು ಆಪರೇಷನ್ ಮುಗಿದ ಮೇಲೆ ಒಂದೇ ಪೆನ್ನಿನಲ್ಲಿ ಟಿಕ್ ಮಾಡಿದ್ದು ನೋಡಿದವರಿಗೆ ತಿಳಿಯುತ್ತದೆ.

ಎಂಎಲ್‌ಸಿ ಮತ್ತು ಸಾವು

ಪಿ.ಬಿ. ರಸ್ತೆ, ಹೈವೇ 48 ಎರಡೂ ಇರುವ ಊರಿನಲ್ಲಿ ಅಪಘಾತದ ಫೈಲಿಗೆ ಕೊರತೆಯಿಲ್ಲ. ಕರೆತಂದವರ ಹೆಸರು, ತಂದ ಸಮಯ, ಎರಡು ಗುರುತಿನ ಮಚ್ಚೆ, ಪ್ರತಿ ಗಾಯದ ಉದ್ದ, ಅಗಲ, ಜಾಗ, ಪೊಲೀಸರಿಗೆ ತಿಳಿಸಿದ ಹೊತ್ತು ಮತ್ತು ಅವರ ಸ್ವೀಕೃತಿ. 'ಮಲ್ಟಿಪಲ್ ಅಬ್ರೇಷನ್ಸ್' ಎಂದು ಎರಡೇ ಪದ ಬರೆದ ಡಾಕ್ಟರ್ ಕೆಲವು ವರ್ಷದ ನಂತರ ಸಾಕ್ಷಿ ಕಟಕಟೆಯಲ್ಲಿ ನಿಂತಾಗ ಅದೇ ಎರಡು ಪದವನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಆದ ಸಾವಿಗೆ ಕಾರಣ ತಿಳಿಸುವ ನಮೂನೆ 4ರಲ್ಲಿ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ; ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಕೊನೆಗೆ ಜೀವ ತೆಗೆದದ್ದು ಏನು, ಅದಕ್ಕೆ ಮುಂಚಿನದು ಏನು, ಎಲ್ಲಕ್ಕೂ ಮೂಲ ಏನು ಎಂದು ಮೇಲಿನಿಂದ ಕೆಳಗೆ ಸರಪಣಿಯಂತೆ ಬರೆಯಬೇಕು. ಶುಗರ್, ಬಿಪಿಯಂಥವು ಜೊತೆಗಿದ್ದರೆ ಅವಕ್ಕೆ ಎರಡನೆಯ ಭಾಗ.

ಡಿಸ್ಚಾರ್ಜ್ ಸಮ್ಮರಿ

ಇಡೀ ಫೈಲಿನಲ್ಲಿ ರೋಗಿಯ ಮನೆಗೆ ಹೋಗುವ ಕಾಗದ ಇದೊಂದೇ. ಹೊರಡುವ ದಿನ ಬೆಳಗ್ಗೆ ಬರೆಯಲು ಕೂತರೆ ಬಿಲ್ಲಿಂಗ್‌ನವರು, ಬಸ್ಸಿನ ಹೊತ್ತು, ಮನೆಯವರ ಗಡಿಬಿಡಿ ಎಲ್ಲ ಸೇರಿ ಅರೆಬರೆ ಆಗುತ್ತದೆ. ದಾಖಲಾದ ದಿನವೇ ಶುರು ಮಾಡಿ ದಿನಕ್ಕೆರಡು ಸಾಲು ಸೇರಿಸುತ್ತ ಹೋಗಿ. ಬಯಾಪ್ಸಿಯಂಥ ರಿಪೋರ್ಟು ಇನ್ನೂ ಬರಬೇಕಿದ್ದರೆ ಅದು ಯಾವುದು, ಯಾವಾಗ ಬರುತ್ತದೆ, ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂದು ಬರೆಯಿರಿ. ಗುಳಿಗೆಯ ವಿವರ ಕನ್ನಡದಲ್ಲಿ: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಊಟಕ್ಕೆ ಮುಂಚೆ ಅಥವಾ ನಂತರ, ಎಷ್ಟು ದಿನ. 'ಈ ಲಕ್ಷಣ ಕಂಡರೆ ಕಾಯದೆ ಬನ್ನಿ' ಎಂಬ ಎರಡು ಸಾಲೂ ಇರಲಿ.

ಸಲಹೆ ಮೀರಿ ಹೊರಟವರಿಗೂ ಸಮ್ಮರಿ ಕೊಡಬೇಕು. ಹೋದವರ ಮೇಲಿನ ಸಿಟ್ಟಿಗೆ ಖಾಲಿ ಕೈಯಲ್ಲಿ ಕಳಿಸಿದರೆ ಮುಂದಿನ ಆಸ್ಪತ್ರೆಯವರು ಮೊದಲಿನಿಂದ ಶುರು ಮಾಡಬೇಕು. ಏನು ಅಪಾಯ ಎಂದು ತಿಳಿಸಿದ್ದು, ಅವರು ಕೊಟ್ಟ ಕಾರಣ (ಬಹುಪಾಲು ದುಡ್ಡು, ಇಲ್ಲವೇ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ) ಎರಡನ್ನೂ ಅವರದೇ ಮಾತಿನಲ್ಲಿ ಬರೆಯಿರಿ.

ಎಂಆರ್‌ಡಿ ಏನು ಮಾಡಬೇಕು, ಏನು ಮಾಡಬಾರದು

ಡಿಸ್ಚಾರ್ಜ್ ಆದ 24 ಗಂಟೆಯೊಳಗೆ ಫೈಲು ಎಂಆರ್‌ಡಿ ಸೇರಬೇಕು. ಬಿಲ್ಲಿಂಗ್ ಅಥವಾ ಕ್ಲೇಮ್ ವಿಭಾಗಕ್ಕೆ ಬೇಕಾದರೆ ಸ್ಕ್ಯಾನ್ ಪ್ರತಿ ಹೋಗಲಿ, ಮೂಲ ಹೋಗುವುದು ಬೇಡ. ಹಾಳೆಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿ, ಕೊರತೆ ಚೀಟಿ ಅಂಟಿಸಿ: ಏನು ಇಲ್ಲ, ಯಾರಿಂದ ಬೇಕು, ಯಾವತ್ತಿನೊಳಗೆ.

ಇಲ್ಲಿ ಕೊರತೆಗಳನ್ನು ಎರಡು ಗುಂಪು ಮಾಡುವುದೇ ಈ ಇಡೀ ಕೆಲಸದ ಬೆನ್ನೆಲುಬು. ಆಮೇಲೆ ತುಂಬಬಹುದಾದವು ಕೆಲವಿವೆ: ತಾನೇ ಬರೆದ ಟಿಪ್ಪಣಿಗೆ ಹಾಕಲು ಮರೆತ ಸಹಿ, ಅಂತಿಮ ರೋಗನಿರ್ಣಯ, ತಡವಾಗಿ ಬಂದ ಲ್ಯಾಬ್ ರಿಪೋರ್ಟು, ಐಸಿಡಿ ಕೋಡ್ (ಕಾಯಿಲೆಗೆ ಇರುವ ಅಂತರರಾಷ್ಟ್ರೀಯ ಸಂಕೇತ). ಇವನ್ನು ಚೀಟಿ ಹಚ್ಚಿ ವಾಪಸ್ ಕಳಿಸಿ. ತುಂಬಲೇಬಾರದವು ಇನ್ನು ಕೆಲವು: ಅಳೆಯದ ಬಿಪಿ, ಬರೆಯದ ಡೋಸಿನ ಸಮಯ, ಪಡೆಯದ ಒಪ್ಪಿಗೆ, ರೌಂಡ್ಸ್ ಆಗದ ದಿನದ ಟಿಪ್ಪಣಿ. ಇವನ್ನು ತುಂಬಿಸಿದರೆ ಅದು ಸುಳ್ಳು ದಾಖಲೆ. 'ಇಲ್ಲ' ಎಂದೇ ಎಣಿಸಿ, ಖಾಲಿಯಾಗಿಯೇ ಫೈಲು ಮುಚ್ಚಿ, ಸಂಖ್ಯೆಯನ್ನು ವಾರ್ಡಿಗೆ ಕಳಿಸಿ. ಈ ಎರಡನೆಯ ಗುಂಪಿನ ಸಂಖ್ಯೆ ಇಳಿದರೆ ಮಾತ್ರ ಸುಧಾರಣೆ ಆಗಿದೆ ಎಂದು ಒಪ್ಪಿ.

ನಿಜವಾಗಿ ನಡೆದದ್ದನ್ನು ತಡವಾಗಿ ಬರೆಯಬೇಕಾದರೆ ಅದಕ್ಕೂ ದಾರಿಯಿದೆ. 'ತಡವಾದ ನಮೂದು' ಎಂದು ತಲೆಬರಹ ಹಾಕಿ, ಬರೆಯುತ್ತಿರುವ ಹೊತ್ತು, ಘಟನೆ ನಡೆದ ಹೊತ್ತು, ತಡಕ್ಕೆ ಕಾರಣ, ಸಹಿ. ತಪ್ಪು ತಿದ್ದುವಾಗ ಒಂದೇ ಗೆರೆ ಎಳೆಯಿರಿ. ಕೆಳಗಿನ ಅಕ್ಷರ ಓದಲು ಬರಬೇಕು. ವೈಟ್ನರ್ ಬಾಟಲಿ ವಾರ್ಡಿನಲ್ಲಿ ಇರಲೇಬಾರದು.

ರೋಗಿ ಇರುವಾಗಲೇ ತಪಾಸಣೆ

ವಾರಕ್ಕೊಂದು ದಿನ ಒಂದು ವಾರ್ಡಿಗೆ ಹೋಗಿ, ಹಾಸಿಗೆಯ ಮೇಲಿರುವ ಐದು ರೋಗಿಗಳ ಚಾಲ್ತಿ ಫೈಲು ತೆರೆಯಿರಿ. ಜೀವದ ಅಂಶಗಳಲ್ಲಿ ಡಿಸ್ಚಾರ್ಜ್ ಸಮ್ಮರಿಯ ಕರಡೂ ಸೇರಿ ಆರನ್ನೂ ನೋಡಿ. ಕೊರತೆ ಕಂಡರೆ ಅಲ್ಲೇ ಇರುವ ಪಿಜಿಗೆ, ಸಿಸ್ಟರ್‌ಗೆ ತೋರಿಸಿ. ಅಲರ್ಜಿ ಬರೆದಿಲ್ಲವೇ? ರೋಗಿ ಎದುರಿಗೇ ಇದ್ದಾರೆ, ಕೇಳಿ ಬರೆಯಲಿ. ಮುಚ್ಚಿದ ಫೈಲಿನ ಆಡಿಟ್ಟಿಗೆ ಈ ಅನುಕೂಲ ಎಂದೂ ಸಿಗದು. ತಪಾಸಣೆಗೆ ಎಂಆರ್‌ಡಿ ಸಿಬ್ಬಂದಿಯ ಜೊತೆ ಒಬ್ಬ ಡಾಕ್ಟರ್ ಇರಲೇಬೇಕು. ಎಂಆರ್‌ಡಿಯವರೊಬ್ಬರೇ ಹೋಗಿ ಪ್ರೊಫೆಸರ್ ಯುನಿಟ್ಟಿನ ಫೈಲಿನಲ್ಲಿ ತಪ್ಪು ತೋರಿಸಿದರೆ ಏನಾಗುತ್ತದೆ ಎಂದು ಈ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಫಲಿತಾಂಶವನ್ನು ಯುನಿಟ್‌ವಾರು ಒಂದು ಗೆರೆಯ ಚಿತ್ರವಾಗಿ ವಾರ್ಡಿನ ನೋಟಿಸ್ ಬೋರ್ಡಿಗೆ ಹಾಕಿ. ವ್ಯಕ್ತಿಗಳ ಹೆಸರು ಬೇಡ. ಹೆಸರು ಹಾಕಿದ ದಿನವೇ ಕಳ್ಳ ಸಹಿ ಶುರುವಾಗುತ್ತದೆ. ಹೌಸ್ ಸರ್ಜನ್‌ಗಳಿಗೆ ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಉಪನ್ಯಾಸ ಕೊಡುವುದಕ್ಕಿಂತ ಪ್ರತಿ ಪೋಸ್ಟಿಂಗಿನ ಮೊದಲ ದಿನ, ಆ ವಾರ್ಡಿನದೇ ಒಂದು ಒಳ್ಳೆಯ ಫೈಲು, ಒಂದು ಕೆಟ್ಟ ಫೈಲು ಹೆಸರು ಮರೆಮಾಡಿ ಕೈಗೆ ಕೊಟ್ಟು, 'ಈ ರೋಗಿಗೆ ರಾತ್ರಿ ಏನು ಮಾಡುತ್ತೀಯಪ್ಪಾ' ಎಂದು ಕೇಳಿ. ಕೆಟ್ಟ ಫೈಲು ಹಿಡಿದವರು ತಬ್ಬಿಬ್ಬಾದಾಗ ಪಾಠ ತಾನಾಗಿ ಆಗುತ್ತದೆ.

ಕಂಪ್ಯೂಟರ್ ಬಂದರೆ

ಅಕ್ಷರ ಓದಲಾಗದ ತೊಂದರೆ ತಪ್ಪುತ್ತದೆ, ಸಮಯ ತಾನಾಗಿ ಬೀಳುತ್ತದೆ. ಬದಲಿಗೆ ಎರಡು ಹೊಸ ಕಾಯಿಲೆ ಬರುತ್ತವೆ. ನಿನ್ನೆಯ ಟಿಪ್ಪಣಿಯನ್ನೇ ಕಾಪಿ ಮಾಡಿ ಅಂಟಿಸುವುದರಿಂದ, ತೆಗೆದುಹಾಕಿದ ಕ್ಯಾಥೆಟರ್ ಕಾಗದದ ಮೇಲೆ ನಾಲ್ಕು ದಿನ ಇರುತ್ತದೆ. ಎಲ್ಲ ಕಾಲಂ ಕಡ್ಡಾಯ ಮಾಡಿದರೆ ಜನ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಸಾಫ್ಟ್‌ವೇರ್ ನೂರಕ್ಕೆ ನೂರು ಎಂದು ತೋರಿಸುತ್ತದೆ. ಕಡ್ಡಾಯ ಏನಿದ್ದರೂ ಹೆಸರು, ಅಲರ್ಜಿ, ತೂಕದಂಥ ಕೆಲವಕ್ಕೆ ಸಾಕು. ಎಲ್ಲರಿಗೂ ಅವರವರದೇ ಪಾಸ್‌ವರ್ಡ್ ಇರಬೇಕು, ಒಬ್ಬರ ಲಾಗಿನ್ನಿನಲ್ಲಿ ಇಡೀ ಪಾಳಿ ಕೆಲಸ ಮಾಡಿದರೆ ಯಾರು ಏನು ಬರೆದರು ಎಂಬುದೇ ಹೋಯಿತು. ಕರೆಂಟ್, ನೆಟ್ ಹೋದಾಗ ಬಳಸಲು ಕಾಗದದ ಒಂದು ಸೆಟ್ ಸಿಸ್ಟರ್ ಸ್ಟೇಷನ್‌ನಲ್ಲಿರಲಿ, ಬಂದ ಮೇಲೆ ಅದನ್ನು ಸ್ಕ್ಯಾನ್ ಮಾಡಿ ಸೇರಿಸುವವರು ಯಾರು ಎಂದೂ ಮೊದಲೇ ಗೊತ್ತಿರಲಿ.

ಇಡುವುದು, ಕೊಡುವುದು

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ ಸ್ವೀಕೃತಿ ಕೊಟ್ಟು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮೂರು ವರ್ಷ ಎಂಬುದು ಕನಿಷ್ಠ. ಎಂಎಲ್‌ಸಿ ಫೈಲನ್ನು ಕೋರ್ಟಿನಲ್ಲಿ ಪ್ರಕರಣ ಪೂರ್ತಿ ಮುಗಿಯುವವರೆಗೆ, ಮಕ್ಕಳ ಫೈಲನ್ನು ಅವರು ಪ್ರಾಯಕ್ಕೆ ಬಂದು ಕೆಲ ವರ್ಷ ಕಳೆಯುವವರೆಗೆ ಇಡುವುದು ಜಾಣತನ.

ಕಪಾಟಿನಿಂದ ಫೈಲು ಹೊರಗೆ ಹೋದರೆ ಆ ಜಾಗದಲ್ಲಿ ಒಂದು ರಟ್ಟಿನ ಕಾರ್ಡು ನಿಲ್ಲಿಸಿ: ಯಾರು ಒಯ್ದರು, ಯಾವತ್ತು, ಯಾಕೆ. ಕಾಣೆಯಾದ ಫೈಲಿನಷ್ಟು ಅಪೂರ್ಣವಾದದ್ದು ಬೇರಿಲ್ಲ. ಗೋಡೆಗೆ ತಾಗದಂತೆ, ನೆಲದಿಂದ ಎತ್ತರಿಸಿ ರ‍್ಯಾಕ್ ಇಡಿ. ಮಳೆಗಾಲಕ್ಕೆ ಮುಂಚೆ ಗೆದ್ದಲಿನ ಔಷಧ ಹೊಡೆಸಿ. ಅವಧಿ ಮುಗಿದವನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ, ಮಿರ್ಚಿ ಮಂಡಕ್ಕಿ ಕಟ್ಟಿಕೊಡುವ ಕಾಗದದ ಮೇಲೆ ಯಾರದೋ ಎಚ್‌ಐವಿ ರಿಪೋರ್ಟು ಕಾಣಬಾರದು. ಸಮಿತಿಯ ಎದುರು ತುಂಡರಿಸಿ, ಯಾವ ಐಪಿ (ಒಳರೋಗಿ) ನಂಬರಿನಿಂದ ಯಾವ ನಂಬರಿನವರೆಗೆ ನಾಶ ಮಾಡಲಾಯಿತು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿ. ಆ ರಿಜಿಸ್ಟರನ್ನು ಮಾತ್ರ ಎಂದಿಗೂ ನಾಶ ಮಾಡಬೇಡಿ.